ಹೇಳದೆ ಉಳಿಸಿಕೊಂಡ ಉತ್ತರ

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗಿನ ನಡಿಗೆ ಮುಗಿಸಿ ನಾವು ನಾಲ್ಕೈದು ಮಂದಿ ಒಂದೇ ಕಲ್ಲುಬೆಂಚಿನ ಮೇಲೆ ಕೂರುತ್ತೇವೆ. ಎಲ್ಲರೂ ನಿವೃತ್ತರು. ಹೋದ ತಿಂಗಳು ಒಂದು ದಿನ, ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದ ಗೆಳೆಯರು ಕಂಪ್ಯೂಟರ್ ಬರುವುದಕ್ಕೆ ಮುಂಚಿನ ದಿನಗಳ ಮಾತು ತೆಗೆದರು. ಲೆಡ್ಜರ್ ಟ್ಯಾಲಿ ಆಗದಿದ್ದರೆ ರಾತ್ರಿ ಎಷ್ಟು ಹೊತ್ತಾದರೂ ಮನೆಗೆ ಹೋಗುವಂತಿರಲಿಲ್ಲವಂತೆ.

"ವ್ಯತ್ಯಾಸ ಎಷ್ಟು ಅಂತ ಮೊದಲು ನೋಡ್ತಿದ್ವಿ ಮೇಷ್ಟ್ರೇ. ಅದು ಒಂಬತ್ತರಿಂದ ಸರಿಯಾಗಿ ಭಾಗ ಹೋದ್ರೆ, ಯಾರೋ ಅಂಕಿ ಹಿಂದುಮುಂದು ಮಾಡಿ ಬರೆದಿದ್ದಾರೆ ಅಂತ ಅನುಮಾನ. 7,530 ಬರೆಯೋ ಕಡೆ 7,350 ಬರೆದಿರ್ತಾರೆ. ವ್ಯತ್ಯಾಸ 180. ಅಂಥ ಎಂಟ್ರಿಗಳನ್ನೇ ಹುಡುಕಿದ್ರೆ ಬೇಗ ಸಿಕ್ಕಿಬಿಡೋದು."

"ಒಂಬತ್ತೇ ಯಾಕೆ?" ಎಂದು ಕೇಳಿದೆ.

ಅವರು ಒಂದು ಕ್ಷಣ ಸುಮ್ಮನಾದರು. "ಅದು ಗೊತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಹೆಡ್ ಕ್ಯಾಷಿಯರ್ ಹೇಳಿಕೊಟ್ಟಿದ್ರು. ಹಾಗೇ ಮಾಡ್ತಾ ಬಂದ್ವಿ."

ಕಾರಣ ನನ್ನ ನಾಲಿಗೆಯ ತುದಿಯಲ್ಲಿತ್ತು. ಅ, ಬ ಎಂದು ಎರಡು ಅಕ್ಷರ ಬರೆದು ಒಂದು ಸಾಲಿನಲ್ಲಿ ತೋರಿಸಬಹುದಾದದ್ದು. ಕೈ ತನ್ನಷ್ಟಕ್ಕೆ ಜೇಬಿನ ಪೆನ್ನಿನ ಕಡೆಗೂ ಹೋಯಿತು. ಆದರೆ ಹೇಳಲಿಲ್ಲ. "ಯೋಚನೆ ಮಾಡಿ ನೋಡಿ, ನಿಮಗೇ ಸಿಗುತ್ತೆ" ಎಂದಷ್ಟೇ ಹೇಳಿ ಎದ್ದೆ. ಮೂರು ದಶಕ ಕಾಲೇಜಿನಲ್ಲಿ ಗಣಿತ ಪಾಠ ಮಾಡಿದವನು ಆವತ್ತು ಏಕೆ ಬಾಯಿ ಮುಚ್ಚಿಕೊಂಡೆ ಎಂಬುದನ್ನು ವಿವರಿಸುವುದೇ ಈ ಬರಹದ ಉದ್ದೇಶ.

ಒಗಟು, ಮಾಯಾಚೌಕ, ಅಂಕಿಗಳ ಚಮತ್ಕಾರ, ಬೆಂಕಿಕಡ್ಡಿಯ ಲೆಕ್ಕ, ಚದುರಂಗದ ಮಣೆಯ ಮೇಲಿನ ಸಮಸ್ಯೆ ಇವನ್ನೆಲ್ಲ ಸೇರಿಸಿ ನಾವು ವಿನೋದ ಗಣಿತ ಎನ್ನುತ್ತೇವೆ. ನಮ್ಮ ತರಗತಿಗಳಲ್ಲಿ ಅದಕ್ಕಿರುವ ಜಾಗ ಊಟದ ಕೊನೆಯ ಬೀಡಾದ್ದು. ಪಾಠ ಮುಗಿದು ಐದು ನಿಮಿಷ ಉಳಿದಿದ್ದರೆ ಒಂದು ಒಗಟು. ಉಳಿಯದಿದ್ದರೆ ಅದೂ ಇಲ್ಲ. ನಾನೂ ಬಹಳ ಕಾಲ ಹಾಗೆಯೇ ನಡೆದುಕೊಂಡೆ. ಈಗ ಬೇರೆಯಾಗಿ ಯೋಚಿಸುತ್ತೇನೆ. ಕಲಿಯುವವರು ಗುರುವಿನ ಅಪ್ಪಣೆಗೆ ಕಾಯದೆ, ಪುಸ್ತಕದ ಕೊನೆಯ ಪುಟದ ಉತ್ತರಗಳನ್ನು ತಿರುವದೆ, ನಿಜವನ್ನು ತಾವೇ ಮುಟ್ಟಿ ನೋಡಬಹುದಾದ ಜಾಗ ಗಣಿತದಲ್ಲಿ ಎಲ್ಲಾದರೂ ಇದ್ದರೆ ಅದು ಮೊದಲು ಇಲ್ಲಿದೆ. ಆದ್ದರಿಂದ ಅದು ಪಾಠದ ಕೊನೆಗಲ್ಲ, ಪಾಠದ ನಡುವಿಗೇ ಬರಬೇಕು.

ಇದು ನಮಗೆ ಹೊಸ ವಿಚಾರವೂ ಅಲ್ಲ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗ ಮಾನ್ಯಖೇಟದಿಂದ ಆಳುತ್ತಿದ್ದಾಗ, ಜೈನ ವಿದ್ವಾಂಸ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಕವಿರಾಜಮಾರ್ಗ ಹುಟ್ಟಿದ್ದೂ ಅದೇ ಅರಸನ ಆಸ್ಥಾನದಲ್ಲಿ. ಗುಣಾಕಾರ ಕಲಿಸಲು ಮಹಾವೀರ ಕೊಟ್ಟ ಲೆಕ್ಕಗಳಲ್ಲಿ ಕೆಲವನ್ನು ನೀವೂ ಕಾಗದ ತೆಗೆದುಕೊಂಡು ಮಾಡಿ ನೋಡಿ. 152207ನ್ನು 73ರಿಂದ ಗುಣಿಸಿದರೆ 11111111. 12345679ನ್ನು 9ರಿಂದ ಗುಣಿಸಿದರೆ 111111111. 27994681ನ್ನು 441ರಿಂದ ಗುಣಿಸಿದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಸಂಖ್ಯೆಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸುತ್ತಾನೆ.

ಇದನ್ನು ಬರಿಯ ಅಲಂಕಾರವೆಂದು ಬಹಳ ದಿನ ತಿಳಿದಿದ್ದೆ. ಆಮೇಲೆ ಒಂದು ದಿನ ಕೂತು 27994681ರ ಗುಣಾಕಾರವನ್ನು ಕೈಯಲ್ಲೇ ಮಾಡಿದೆ. ನಡುವಿನ ಸಾಲುಗಳಲ್ಲಿ ಯಾವ ಅಂದವೂ ಇಲ್ಲ, ದಶಕ ಹಿಡಿಯುವುದೇ ಒಂದು ಪಾಡು. ಕೊನೆಯ ಕೂಡಿಕೆಯಲ್ಲಿ ಮಾತ್ರ ಅಂಕಿಗಳು ಒಂದೊಂದಾಗಿ ಏರಿ, ಆರನ್ನು ಮುಟ್ಟಿ, ಹಾಗೆಯೇ ಇಳಿದು ಬಂದವು. ಎಲ್ಲಾದರೂ ಒಂದು ದಶಕ ತಪ್ಪಿದ್ದರೆ ಹಾರ ಅಲ್ಲೇ ಹರಿದುಹೋಗುತ್ತಿತ್ತು. ಸರಿಯಾಯಿತೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ, ಉತ್ತರವೇ ಹೇಳಿತು. ಸ್ಲೇಟಿನ ಮೇಲೆ ಕೆಂಪು ಗೀಟು ಹಾಕುವ ಮೇಷ್ಟರನ್ನು ಈ ಲೆಕ್ಕ ಕೇಳುವುದೇ ಇಲ್ಲ. ಸಾವಿರದ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಒಬ್ಬ ಗುರು ತನ್ನ ಶಿಷ್ಯರಿಗೆ ಕೊಟ್ಟ ಸ್ವಾತಂತ್ರ್ಯವನ್ನು ನಾನು ಇದರಲ್ಲಿ ಕಾಣುತ್ತೇನೆ.

ಅಂಥದೇ ಸ್ವಾತಂತ್ರ್ಯವನ್ನು ನನಗೆ ಮೊದಲು ಕೊಟ್ಟವಳು ಓದುಬರಹ ಬಾರದ ನಮ್ಮ ಅಜ್ಜಿ. ಹಾರಿ ಹೋಗುತ್ತಿದ್ದ ಹಕ್ಕಿಗಳ ಗುಂಪಿನ ಒಗಟು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ನಾವು, ನಮ್ಮಷ್ಟೇ ಇನ್ನೊಂದು ಗುಂಪು, ನಮ್ಮಲ್ಲಿ ಅರ್ಧ, ನಮ್ಮಲ್ಲಿ ಕಾಲು, ಜೊತೆಗೆ ನೀನೊಬ್ಬ ಸೇರಿದರೆ ನೂರು, ಹಾಗಾದರೆ ನಾವೆಷ್ಟು? ಹೈಸ್ಕೂಲಿನಲ್ಲಿ ಆಗತಾನೇ ಬೀಜಗಣಿತ ಕಲಿತಿದ್ದ ನಾನು ಸಮೀಕರಣ ಬರೆದು 36 ಎಂದೆ. ಅಜ್ಜಿ ಹುಣಿಸೆಬೀಜದ ಡಬ್ಬಿ ತಂದಳು. ಕಾಲು ಗುಂಪಿಗೆ ಒಂದು ಗುಡ್ಡೆ, ಅರ್ಧಕ್ಕೆ ಎರಡು, ಇಡೀ ಗುಂಪಿಗೆ ನಾಲ್ಕು, ಅದರಷ್ಟೇ ಇನ್ನೊಂದಕ್ಕೆ ನಾಲ್ಕು. ಒಟ್ಟು ಹನ್ನೊಂದು ಗುಡ್ಡೆ. ನಿನ್ನನ್ನು ಬಿಟ್ಟರೆ ಉಳಿಯುವುದು ತೊಂಬತ್ತೊಂಬತ್ತು. ಗುಡ್ಡೆಗೆ ಒಂಬತ್ತು ಬೀಜ. ನಾಲ್ಕು ಗುಡ್ಡೆಗೆ ಮೂವತ್ತಾರು. ನನ್ನ ಸಮೀಕರಣದಲ್ಲಿ ಉತ್ತರ ಮಾತ್ರ ಇತ್ತು. ಅವಳ ಗುಡ್ಡೆಗಳಲ್ಲಿ ಕಾರಣ ಕಣ್ಣಿಗೆ ಕಾಣುವಂತೆ ಬಿದ್ದಿತ್ತು. ಗಣಿತದಲ್ಲಿ ನಾವು ಸಾಧನೆ ಎಂದು ಕರೆಯುವುದು ಆ ಗುಡ್ಡೆಗಳನ್ನೇ.

ಇಷ್ಟೆಲ್ಲ ಕಂಡಿದ್ದೂ ತರಗತಿಯಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಒಮ್ಮೆ ಎರಡನೇ ವರ್ಷದ ಬಿ.ಎಸ್ಸಿ. ಮಕ್ಕಳಿಗೆ, ಗಂಟೆ ಹೊಡೆಯಲು ಸ್ವಲ್ಪ ಹೊತ್ತಿದೆ ಎನ್ನುವಾಗ, 6174ರ ಆಟ ತೋರಿಸಿದೆ. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ. ಅದರ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಏರಿಕೆಯ ಕ್ರಮದಲ್ಲಿ ಬರೆದದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡಿ. 3524 ಆದರೆ, 5432ರಿಂದ 2345 ಕಳೆದರೆ 3087. 8730ರಿಂದ 0378 ಕಳೆದರೆ 8352. 8532ರಿಂದ 2358 ಕಳೆದರೆ 6174. ಆಮೇಲೆ ಎಷ್ಟು ಸಲ ಮಾಡಿದರೂ 6174. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಗೆ ಅಲ್ಲಿಗೇ ಬಂದು ಸೇರುತ್ತೀರಿ. ತರಗತಿಯಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಸಂಖ್ಯೆಯಿಂದ ಹೊರಟು ಅದೇ ಮನೆಯ ಬಾಗಿಲಿಗೆ ಬಂದಾಗ ಎದ್ದ ಗದ್ದಲ ಇನ್ನೂ ಕಿವಿಯಲ್ಲಿದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸಾರ್, ಮೂರಂಕಿ ತಗೊಂಡ್ರೆ?"

"495 ಬರುತ್ತೆ, ಕೂತ್ಕೊಳ್ಳಮ್ಮ" ಎಂದುಬಿಟ್ಟೆ. ಗಂಟೆ ಹೊಡೆಯಿತು.

ಎರಡು ದಿನ ಬಿಟ್ಟು ಅವಳು ಸ್ಟಾಫ್ ರೂಮಿಗೆ ಬಂದಳು. ಕೈಯಲ್ಲಿ ನೋಟ್‌ಬುಕ್ಕಿನ ಒಂದು ಹಾಳೆ. "ಸಾರ್, 495 ಯಾಕೆ ಬರುತ್ತೆ ಅಂತ ಗೊತ್ತಾಯ್ತು." ಮೂರಂಕಿಗಳಲ್ಲಿ ನಡುವಿನದು ಎರಡು ಕ್ರಮದಲ್ಲೂ ನಡುವೆಯೇ ಉಳಿಯುವುದರಿಂದ ಕಳೆಯುವಾಗ ಅದು ಹೊರಟುಹೋಗುತ್ತದೆ. ಉಳಿಯುವುದು ಅತಿ ದೊಡ್ಡ ಅಂಕಿಗೂ ಅತಿ ಚಿಕ್ಕದಕ್ಕೂ ಇರುವ ಅಂತರದ 99 ಪಟ್ಟು. ಅಂತರ ಒಂದರಿಂದ ಒಂಬತ್ತರವರೆಗೆ ಮಾತ್ರ ಇರಬಹುದು. ಹಾಗಾಗಿ ಮೊದಲ ಹೆಜ್ಜೆಯಲ್ಲೇ ನಾವು ಒಂಬತ್ತು ಸಂಖ್ಯೆಗಳಲ್ಲಿ ಒಂದಕ್ಕೆ ಬಂದುಬಿಟ್ಟಿರುತ್ತೇವೆ: 99, 198, 297, 396, 495, 594, 693, 792, 891. ಇವುಗಳ ಮುಂದಿನ ದಾರಿಯನ್ನು ಅವಳು ಮೆಟ್ಟಿಲಿನಂತೆ ಬರೆದಿದ್ದಳು. 99ರಿಂದ 891, ಅಲ್ಲಿಂದ 792, ಅಲ್ಲಿಂದ 693, ಅಲ್ಲಿಂದ 594, ಅಲ್ಲಿಂದ 495. ಮಿಕ್ಕ 198, 297, 396 ಪಕ್ಕದಿಂದ ಬಂದು ಇದೇ ಮೆಟ್ಟಿಲು ಹತ್ತುತ್ತವೆ. ಸಾಧನೆ ಮುಗಿಯಿತು, ಬಿಟ್ಟುಹೋದದ್ದು ಒಂದೂ ಇಲ್ಲ.

ಅದೇ ಹಾಳೆಯ ಹಿಂಬದಿಯಲ್ಲಿ ಎರಡಂಕಿಯ ಲೆಕ್ಕವೂ ಇತ್ತು. ಅಲ್ಲಿ ನೆಲೆ ನಿಲ್ಲುವ ಸಂಖ್ಯೆಯೇ ಇಲ್ಲ. 9, 81, 63, 27, 45 ಎಂದು ಸುತ್ತಿ ಮತ್ತೆ 9ಕ್ಕೆ ಬರುತ್ತದೆ. ಅದನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

ನನಗೆ ಹಿಗ್ಗಾಯಿತು, ಜೊತೆಗೆ ನೋವೂ ಆಯಿತು. 495 ಎಂದು ನಾನು ಉತ್ತರ ಹೇಳಿದ್ದರಿಂದ ಅವಳಿಗೇನೂ ಸಹಾಯವಾಗಿರಲಿಲ್ಲ. ನನ್ನ ಉತ್ತರವನ್ನು ದಾಟಿ ಅವಳು ಕಾರಣಕ್ಕೆ ಹೋಗಿದ್ದಳು. ಆದರೆ ಆ ತರಗತಿಯಲ್ಲಿ ಅಷ್ಟು ಹಟವಿಲ್ಲದ, ಆದರೂ ಆ ಸಂಜೆ ಬಸ್ಸಿನಲ್ಲಿ ಕೂತು ಮೂರಂಕಿಯನ್ನು ಪ್ರಯತ್ನಿಸಿ ನೋಡುತ್ತಿದ್ದ ಇನ್ನೂ ಹತ್ತು ಮಂದಿ ಇದ್ದರೋ ಏನೋ. ಅವರ ಪಾಲಿನ ಬಾಗಿಲನ್ನು ನಾನೇ ಹಾಕಿದ್ದೆ. ಮೇಷ್ಟರಿಗೆ ಉತ್ತರ ಗೊತ್ತಿದೆ ಎಂದ ಮೇಲೆ ಪ್ರಶ್ನೆ ಮೇಷ್ಟರದ್ದಾಗಿಬಿಡುತ್ತದೆ.

ಇದಕ್ಕೆ ವಿರುದ್ಧವಾಗಿ ಬರುವ ವಾದಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೊದಲನೆಯದು ಸಮಯದ್ದು. ಸೆಮಿಸ್ಟರಿನಲ್ಲಿ ಸಿಲಬಸ್ ಮುಗಿಸುವುದೇ ಕಷ್ಟ, ಇನ್ನು ಆಟಕ್ಕೆಲ್ಲಿ ಪುರುಸೊತ್ತು? ಈ ಕಷ್ಟವನ್ನು ನಾನೂ ಉಂಡವನು. ಆದರೆ ಆಟಕ್ಕೆ ಬೇರೆ ಪೀರಿಯಡ್ ಬೇಕಿಲ್ಲ. ಸಂಖ್ಯಾಸಿದ್ಧಾಂತದಲ್ಲಿ ಶೇಷಗಳ ಅಧ್ಯಾಯವನ್ನು ಮೊದಲು ವ್ಯಾಖ್ಯೆಯಿಂದ ಶುರು ಮಾಡುತ್ತಿದ್ದೆ. ಇದೆಲ್ಲ ಏತಕ್ಕೆ ಎಂದು ಮಕ್ಕಳ ಮುಖ ಕೇಳುತ್ತಿತ್ತು. ಆಮೇಲಿನ ವರ್ಷಗಳಲ್ಲಿ, ಅಂಕಿಗಳನ್ನು ಕೂಡಿ ಒಂಬತ್ತರ ಭಾಗವನ್ನು ಕಂಡುಹಿಡಿಯುವ ಹಳೆಯ ಉಪಾಯ ಏಕೆ ಸರಿಯಾಗುತ್ತದೆ ಎಂಬ ಪ್ರಶ್ನೆಯಿಂದ ಶುರು ಮಾಡಿದೆ. ವ್ಯಾಖ್ಯೆ ಬೇಕೆಂದು ಅವರೇ ಕೇಳುವ ಹೊತ್ತಿಗೆ ಅದನ್ನು ಕೊಟ್ಟೆ. ಪಾಠ ಹಿಂದೆ ಬೀಳಲಿಲ್ಲ. ಮಗ್ಗಿ ಬೇಡ, ಅಭ್ಯಾಸ ಬೇಡ ಎಂದೂ ನಾನು ಹೇಳುತ್ತಿಲ್ಲ. ಕೈಗೆ ಲೆಕ್ಕ ರೂಢಿಯಾಗದೆ ಆ ಹುಡುಗಿಯ ಮೆಟ್ಟಿಲು ಹುಟ್ಟುತ್ತಿರಲಿಲ್ಲ.

ಎರಡನೆಯದು ವೇಗದ ವಿಚಾರ. ವಿನೋದ ಗಣಿತ ಎಂದರೆ ಥಟ್ಟನೆ ಉತ್ತರ ಹೇಳುವ ಚಾತುರ್ಯ ಎಂದು ಬಹಳ ಜನ ತಿಳಿದಿದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನಲ್ಲಿ ಎರಡು ಹದಿಮೂರಂಕಿಯ ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಕೊಟ್ಟರು. ಅಂಥ ಪ್ರತಿಭೆಯ ಮುಂದೆ ತಲೆ ಬಾಗುತ್ತದೆ. ಆದರೆ ತಲೆಬಾಗುವುದು ಬೇರೆ, ಕಲಿಯುವುದು ಬೇರೆ. ವೇಗವನ್ನು ನಾವು ಕೂತು ನೋಡಬಹುದಷ್ಟೆ. ಕಾರಣದಲ್ಲಿ ಪಾಲುಗೊಳ್ಳಬಹುದು, ನಿಧಾನಿಗಳಿಗೂ ಅಲ್ಲಿ ಎಲೆ ಹಾಕಿರುತ್ತದೆ. ಮಕ್ಕಳಿಗೆ ಶಾರ್ಟ್‌ಕಟ್ ಉರು ಹೊಡೆಸುವ ಇಂದಿನ ಕೋಚಿಂಗ್ ನನ್ನ ಗೆಳೆಯರ ಹೆಡ್ ಕ್ಯಾಷಿಯರ್ ಕೊಟ್ಟ ಸೂತ್ರದಂತೆಯೇ. ಕೆಲಸಕ್ಕೆ ಬರುತ್ತದೆ, ಒಳಗೆ ಏನಿದೆ ಎಂದು ತೆರೆದು ನೋಡಲು ಬಿಡುವುದಿಲ್ಲ.

ಮೂರನೆಯ ವಾದ ಎಲ್ಲಕ್ಕಿಂತ ಗಟ್ಟಿಯಾದದ್ದು, ಏಕೆಂದರೆ ಅದು ಬಂದದ್ದು ಜಿ. ಎಚ್. ಹಾರ್ಡಿಯಿಂದ. ನಮ್ಮ ರಾಮಾನುಜನ್‌ರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಹಾರ್ಡಿ 1940ರಲ್ಲಿ ಬರೆದ ಸಣ್ಣ ಪುಸ್ತಕದಲ್ಲಿ ಅಂಕಿಗಳ ಚಮತ್ಕಾರವೊಂದನ್ನು ಎತ್ತಿಕೊಳ್ಳುತ್ತಾರೆ. 8712 ಎಂಬುದು ತನ್ನನ್ನು ತಿರುಗಿಸಿ ಬರೆದ 2178ರ ನಾಲ್ಕು ಪಟ್ಟು. 9801 ಎಂಬುದು 1089ರ ಒಂಬತ್ತು ಪಟ್ಟು. ಇಂಥವು ಪತ್ರಿಕೆಯ ಒಗಟಿನ ಅಂಕಣಕ್ಕೆ ಸರಿ, ಗಣಿತಜ್ಞನಿಗೆ ಇವುಗಳಲ್ಲಿ ಹಿಡಿಸುವಂಥದೇನೂ ಇಲ್ಲ ಎಂಬುದು ಅವರ ತೀರ್ಪು. ಇವು ಎಲ್ಲಿಗೂ ಕರೆದೊಯ್ಯುವುದಿಲ್ಲ ಎಂಬುದು ಅದರ ಹಿಂದಿನ ಕಾರಣ.

ಇದಕ್ಕೆ ಕೆಲವರು ಕ್ಯೋನಿಗ್ಸ್‌ಬರ್ಗಿನ ಏಳು ಸೇತುವೆಗಳನ್ನು ಮುಂದಿಡುತ್ತಾರೆ. ಪ್ರತಿಯೊಂದನ್ನೂ ಒಂದೇ ಸಲ ದಾಟಿ ಊರು ಸುತ್ತಬಹುದೇ ಎಂಬ ಪ್ರಶ್ನೆಗೆ ಆಯ್ಲರ್ 1736ರಲ್ಲಿ ಸಾಧ್ಯವಿಲ್ಲ ಎಂದು ಸಾಧಿಸಿದ್ದರಿಂದ ಗ್ರಾಫ್ ಸಿದ್ಧಾಂತ ಹುಟ್ಟಿತು. ಮಾತು ನಿಜ. ಆದರೂ ನನ್ನ ವಾದವನ್ನು ಅದರ ಮೇಲೆ ನಿಲ್ಲಿಸಲಾರೆ. ಲಾಭ ತಂದ ಒಗಟು ಒಂದಾದರೆ ತಾರದವು ನೂರು. ಹಾರ್ಡಿಯ ಅಳತೆಗೋಲು ಪ್ರಮೇಯದ ಆಳವನ್ನು ಅಳೆಯುತ್ತದೆ, ಅಲ್ಲಿ ಅವರು ಹೇಳಿದ್ದು ಸರಿ. ಕಲಿಸುವವನ ಅಳತೆಗೋಲು ಬೇರೆ. ಬಾವಿ ಎಷ್ಟು ಆಳ ಎನ್ನುವುದಕ್ಕಿಂತ, ಈ ಮಗು ತನ್ನ ಹಗ್ಗದಲ್ಲೇ ನೀರು ಸೇದಬಲ್ಲದೇ ಎಂಬುದು ನಮಗೆ ಮುಖ್ಯ. ಜೊತೆಗೆ, ಅಂಕಿಗಳ ಚಮತ್ಕಾರಕ್ಕೂ ದಾರಿಯಿದೆ. ಒಂಬತ್ತೇ ಏಕೆ ಎಂದು ಒಮ್ಮೆ ಕೇಳಿದವರು, ನಾವು ಹತ್ತರ ಲೆಕ್ಕದಲ್ಲಿ ಬರೆಯುತ್ತೇವೆ, ಹತ್ತಕ್ಕೆ ಒಂದು ಕಡಿಮೆ ಒಂಬತ್ತು ಎಂಬಲ್ಲಿಗೆ ಬರುತ್ತಾರೆ. ಎಂಟರ ಲೆಕ್ಕದಲ್ಲಿ ಬರೆಯುವ ಜನ ಇದ್ದಿದ್ದರೆ ಅವರ ಲೆಡ್ಜರಿನಲ್ಲಿ ಏಳು ಬರುತ್ತಿತ್ತು. ಅಲ್ಲಿಗೆ ಅದು ಒಗಟಾಗಿ ಉಳಿಯಲಿಲ್ಲ, ಸ್ಥಾನಬೆಲೆಯ ಒಳಮನೆಗೆ ಕೈ ಹಿಡಿದು ಕರೆದೊಯ್ದಿತು.

ಅದೇ ಪುಸ್ತಕದಲ್ಲಿ ಹಾರ್ಡಿ ಗಣಿತವನ್ನು ಹರೆಯದವರ ಆಟ ಎಂದೂ ಕರೆದಿದ್ದಾರೆ. ಆಗ ಅವರಿಗೆ ಅರವತ್ತು ದಾಟಿತ್ತು, ಸೃಷ್ಟಿಶಕ್ತಿ ಬತ್ತಿತೆಂಬ ದುಃಖ ಆ ಪುಸ್ತಕದ ತುಂಬ ಇದೆ. ನಿವೃತ್ತಿಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದ ಮೇಲೆ ಮನೆಯಲ್ಲಿ ಒಬ್ಬನೇ ಕೂತಾಗ ಆ ದುಃಖ ನನ್ನನ್ನೂ ಮುಟ್ಟಿತು. ಆಗ ನೆರವಿಗೆ ಬಂದವರು 6174ನ್ನು ಕಂಡುಹಿಡಿದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ನಾಸಿಕದ ಹತ್ತಿರದ ದೇವಳಾಲಿಯಲ್ಲಿ 1930ರಿಂದ 1962ರವರೆಗೆ ಶಾಲಾ ಮೇಷ್ಟರಾಗಿದ್ದವರು. ಸ್ನಾತಕೋತ್ತರ ಪದವಿ ಇರಲಿಲ್ಲ. ಪಂಡಿತರಲ್ಲಿ ಹಲವರು ಅವರ ಕೆಲಸವನ್ನು ಕ್ಷುಲ್ಲಕವೆಂದು ಬದಿಗಿಟ್ಟರು. ನಿವೃತ್ತಿಯ ನಂತರ ಪಿಂಚಣಿ ಸಾಲದೆ ಮನೆಪಾಠ ಹೇಳಬೇಕಾಯಿತು. ಅಂಕಿಗಳ ಒಡನಾಟವನ್ನು ಮಾತ್ರ ಅವರು ಬಿಡಲಿಲ್ಲ. ಅಮೆರಿಕದ ಮಾರ್ಟಿನ್ ಗಾರ್ಡ್ನರ್ 1975ರಲ್ಲಿ ತಮ್ಮ ಅಂಕಣದಲ್ಲಿ ಅವರ ಬಗ್ಗೆ ಬರೆದಾಗ ಜಗತ್ತು ತಿರುಗಿ ನೋಡಿತು. ಆಗ ಕಾಪ್ರೇಕರ್ ಶಾಲೆ ಬಿಟ್ಟು ಹದಿಮೂರು ವರ್ಷ ಕಳೆದಿತ್ತು.

ಇನ್ನೂ ಹತ್ತಿರದ ಉದಾಹರಣೆಯಿದೆ. ಒಂದೇ ಆಕಾರದ ಬಿಲ್ಲೆಯಿಂದ ಇಡೀ ನೆಲವನ್ನು ಸಂದಿಲ್ಲದೆ ಹೊದಿಸಬೇಕು, ಆದರೆ ಆ ವಿನ್ಯಾಸ ಎಂದೂ ಕ್ರಮವಾಗಿ ಮರುಕಳಿಸಕೂಡದು. ಅಂಥ ಒಂಟಿ ಬಿಲ್ಲೆ ಇದೆಯೇ ಎಂದು ಗಣಿತಜ್ಞರು ದಶಕಗಳಿಂದ ಹುಡುಕುತ್ತಿದ್ದರು. 2022ರ ನವೆಂಬರಿನಲ್ಲಿ ಅದು ಸಿಕ್ಕಿದ್ದು ಇಂಗ್ಲೆಂಡಿನ ಡೇವಿಡ್ ಸ್ಮಿತ್ ಎಂಬವರಿಗೆ. ಅವರು ಮುದ್ರಣದ ಕೆಲಸದಿಂದ ನಿವೃತ್ತರಾದ ತಂತ್ರಜ್ಞ. ಆಕಾರಗಳನ್ನು ಜೋಡಿಸಿ ನೋಡುವುದು ಅವರ ಹವ್ಯಾಸ. ಹದಿಮೂರು ಬದಿಯ ಆ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಜೋಡಿಸುತ್ತ ಹೋದಾಗ, ಎಲ್ಲೂ ಮರುಕಳಿಸುತ್ತಿಲ್ಲ ಎಂಬ ಅನುಮಾನ ಅವರಿಗೆ ಬಂತು. ಸಾಧನೆಗೆ ಮೂವರು ತಜ್ಞರು ಜೊತೆಯಾದರು, 2023ರ ಮಾರ್ಚಿನಲ್ಲಿ ಫಲಿತಾಂಶ ಹೊರಬಂತು. ಎಲ್ಲ ನಿವೃತ್ತರಿಗೂ ಇಂಥ ಭಾಗ್ಯ ಬರುತ್ತದೆಂದು ನಾನು ಹೇಳುವುದಿಲ್ಲ. ಯಾರೂ ಅಂಕ ಕೊಡದ, ಬಡ್ತಿ ಕೊಡದ ಕೆಲಸದಲ್ಲಿ ಮನಸ್ಸು ಪೂರ್ತಿ ತೊಡಗಬಲ್ಲದು ಎಂಬುದಕ್ಕೆ ಇವರಿಬ್ಬರೂ ಸಾಕ್ಷಿ. ಮಕ್ಕಳಿಗೆ ನಾವು ಕಲಿಸಬೇಕಾದದ್ದೂ ಅಂಥ ತೊಡಗುವಿಕೆಯನ್ನೇ. ಅಂಕಕ್ಕಾಗಿಯೇ ಗಣಿತ ಕಲಿತವರು ಪರೀಕ್ಷೆ ಮುಗಿದ ದಿನವೇ ಗಣಿತದಿಂದ ನಿವೃತ್ತರಾಗಿಬಿಡುತ್ತಾರೆ, ಇಪ್ಪತ್ತೊಂದನೇ ವಯಸ್ಸಿಗೇ.

ನಿವೃತ್ತಿ ಎಂಬ ಮಾತಿಗೆ ಹಿಂದೆ ಸರಿಯುವುದು ಎಂಬ ಅರ್ಥವಿದೆ. ಅದು ಅರವತ್ತಕ್ಕೆ ಸರ್ಕಾರಿ ಆದೇಶದಿಂದ ಬರುವಂಥದು ಎಂದು ನಾವು ತಿಳಿಯುತ್ತೇವೆ. ಕಲಿಸುವವನಿಗೆ ಅದು ಮೊದಲ ದಿನದಿಂದಲೇ ಬೇಕಾದ ಗುಣ ಎಂದು ನನಗೆ ತಡವಾಗಿ ಹೊಳೆಯಿತು. ಪ್ರತಿಯೊಂದು ಪ್ರಶ್ನೆಯನ್ನೂ ಮುಂದಿಟ್ಟು, ಮಗು ಅದನ್ನು ಎತ್ತಿಕೊಳ್ಳುವ ಹೊತ್ತಿಗೆ ತಾನು ಒಂದು ಹೆಜ್ಜೆ ಹಿಂದೆ ಸರಿಯಬೇಕು. ತಡವರಿಸಿದಾಗ ಓಡಿ ಹೋಗಿ ಹಿಡಿಯದೆ ಕಾಯಬೇಕು. ತರಗತಿಯಲ್ಲಿ ಗಂಟೆ, ಸಿಲಬಸ್, ಫಲಿತಾಂಶ ಇವುಗಳ ನಡುವೆ ಅದು ನನಗೆ ಪೂರ್ತಿ ಕೈಗೂಡಲಿಲ್ಲ. ಪಾರ್ಕಿನ ಬೆಂಚಿನ ಮೇಲೆ ನನ್ನನ್ನು ಅವಸರಪಡಿಸುವ ಗಂಟೆ ಯಾವುದೂ ಇರಲಿಲ್ಲ. ಅದಕ್ಕೇ ಪೆನ್ನು ಜೇಬಿನಲ್ಲೇ ಉಳಿಯಿತು.

ನಾಲ್ಕನೆಯ ಬೆಳಿಗ್ಗೆ ಗೆಳೆಯರು ನನಗಿಂತ ಮೊದಲೇ ಬಂದು ಕೂತಿದ್ದರು. ಕಾಗದ ತಂದಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ನೋಟು ಎಣಿಸೋ ಹಾಗೆ ಯೋಚನೆ ಮಾಡಿದೆ ಮೇಷ್ಟ್ರೇ. ಬಿಡಿ ಸ್ಥಾನದಲ್ಲಿರೋ ಒಂದೊಂದು ರೂಪಾಯೂ ಹತ್ತರ ಸ್ಥಾನಕ್ಕೆ ಹೋದ್ರೆ ಹತ್ತಾಗುತ್ತೆ, ಅಂದ್ರೆ ಒಂಬತ್ತು ಹೆಚ್ಚಿತು. ಹತ್ತರಲ್ಲಿದ್ದದ್ದು ಬಿಡಿಗೆ ಬಂದ್ರೆ ಒಂದೊಂದಕ್ಕೂ ಒಂಬತ್ತು ಖೋತಾ. ಬರೋದೂ ಒಂಬತ್ತೊಂಬತ್ತಾಗಿ, ಹೋಗೋದೂ ಒಂಬತ್ತೊಂಬತ್ತಾಗಿ. ಇನ್ನು ವ್ಯತ್ಯಾಸ ಬೇರೆ ಹೇಗೆ ಬರುತ್ತೆ?"

ಅ, ಬ ಯಾವುದೂ ಇಲ್ಲದ ಸಾಧನೆ. ಹುಣಿಸೆಬೀಜದ ಗುಡ್ಡೆಗಳಷ್ಟೇ ಸ್ಪಷ್ಟವಾಗಿತ್ತು. ನಾನು ತಲೆಯಾಡಿಸಿದೆ. ಅವರು ನನ್ನ ಒಪ್ಪಿಗೆಗೆ ಕಾಯದೆ ಆಗಲೇ ಮುಂದೆ ಹೋಗಿದ್ದರು.

"ನೂರಕ್ಕೂ ಬಿಡಿಗೂ ಅದಲುಬದಲಾದ್ರೆ ತೊಂಬತ್ತೊಂಬತ್ತು, ನೂರಕ್ಕೂ ಹತ್ತಕ್ಕೂ ಆದ್ರೆ ತೊಂಬತ್ತು. ಅವೂ ಒಂಬತ್ತರ ಮಗ್ಗಿಯವೇ. ಹಾಗಾದ್ರೆ ಒಂದು ಸಂಖ್ಯೆಯ ಅಂಕಿಗಳನ್ನ ಹೇಗೆ ಬೇಕಾದ್ರೂ ಕಲಸಿ ಬರೆದು ಕಳೆದ್ರೂ ಒಂಬತ್ತೇ ಬರಬೇಕಲ್ಲ?" ಎಂದು ಕೇಳಿ, ಉತ್ತರವನ್ನು ನನ್ನಿಂದ ನಿರೀಕ್ಷಿಸದೆ, ಬೆರಳು ಮಡಿಸುತ್ತ ಲೆಕ್ಕ ಹಾಕತೊಡಗಿದರು. ನಾನು ಪಕ್ಕದಲ್ಲಿ ಸುಮ್ಮನೆ ಕೂತೆ.